ಪದಪಟ್ಟಿಗೊಂದು ದೃಷ್ಟಿಬೊಟ್ಟು

ನಮ್ಮ ಕಚೇರಿಯ ಮೇಡಂ ತೀರಿಕೊಂಡ ಬೆಳಿಗ್ಗೆ ನಾನು ಕೆಂಗೇರಿ ಉಪನಗರದ ಅವರ ಮನೆಗೆ ಹೋದಾಗ ಗೇಟಿನ ಹೊರಗೆ ಚಪ್ಪಲಿಗಳ ರಾಶಿ ಇತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು. ಮನೆ ತಪ್ಪಿದೆನೇನೋ ಎಂದು ಹಿಂದೆ ಸರಿದು ಗೋಡೆಯ ಮೇಲಿನ ನಂಬರು ನೋಡಿದೆ. ಮನೆ ಅದೇ. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದರು, ತಲೆಯ ಬಳಿ ದೀಪ ಉರಿಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕೂತು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದವರಿಗೆ ಹೇಳುತ್ತಿದ್ದರು: "ನನ್ನನ್ನ ಬ್ಯಾಟರಿ ಮಾಡಿಬಿಟ್ಟಿದ್ದಳು ಕಣ್ರೀ. ಬಿಸಿಲಲ್ಲಿ ಇಡಬೇಡಿ, ನೀರು ತಾಗಿಸಬೇಡಿ ಅಂತೆಲ್ಲ."

ಕೇಳುತ್ತಿದ್ದವರಿಗೆ ತಲೆಬುಡ ತಿಳಿದಂತೆ ಕಾಣಲಿಲ್ಲ. ಯಜಮಾನರೇ ನಗುವಾಗ ತಾವು ಅಳುವುದು ಸರಿಯೇ ಎಂಬ ಇಕ್ಕಟ್ಟಿನಲ್ಲಿ ಅವರೂ ನಗುತ್ತಿದ್ದರು. ಯಜಮಾನರು ನನ್ನನ್ನು ಕಂಡದ್ದೇ, "ಬಂದ್ಯಾ. ಇವರಿಗೆ ನೀನಾದ್ರೂ ಸರಿಯಾಗಿ ಹೇಳಮ್ಮ" ಎಂದರು. ನನ್ನಿಂದ ಆಗಲಿಲ್ಲ. ಅಂದು ಹೇಳಲಾಗದ್ದನ್ನು ಇವತ್ತು ಬರೆಯುತ್ತಿದ್ದೇನೆ. ಕಂಡದ್ದು ಕೇಳಿದ್ದು ಇಷ್ಟನ್ನೇ ಬರೆಯುತ್ತೇನೆ. ಊಹೆ ಇದ್ದ ಕಡೆ ಊಹೆ ಎಂದೇ ಹೇಳುತ್ತೇನೆ.

ನಮ್ಮ ಕಚೇರಿ ವಿಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಮಿಕ್ಸಿ, ಗೀಸರು, ನೀರಿನ ಪಂಪು, ಇಂಥ ಸಾಮಾನುಗಳ ಜೊತೆ ಬರುವ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ. ತರುವವರು ನಾವಲ್ಲ, ಯಂತ್ರ. ಅನುವಾದದ ತಂತ್ರಾಂಶ ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಇಡೀ ಪುಸ್ತಕವನ್ನು ಕನ್ನಡ ಮಾಡಿ ಕೊಡುತ್ತದೆ. ಆದರೆ ಅದಕ್ಕೊಂದು ಚಾಳಿ. ಒಂದೇ ವಸ್ತುವನ್ನು ಪುಟಕ್ಕೊಂದು ಹೆಸರಿನಿಂದ ಕರೆಯುತ್ತದೆ. ಕುಕ್ಕರಿನ ಮುಚ್ಚಳ ಮೊದಲ ಪುಟದಲ್ಲಿ ಮುಚ್ಚಳ, ಮುಂದಿನ ಪುಟದಲ್ಲಿ ಹೊದಿಕೆ, ಅದರಾಚೆ ಟೋಪಿ. ಓದುವ ಹೆಂಗಸು ತನ್ನ ಕುಕ್ಕರಿಗೆ ಟೋಪಿಯೇ ಕೊಟ್ಟಿಲ್ಲವೆಂದು ಅಂಗಡಿಗೆ ಜಗಳಕ್ಕೆ ಹೋಗುತ್ತಾಳೆ. ಹಾಗಾಗಬಾರದೆಂದರೆ ಯಂತ್ರಕ್ಕೆ ಮೊದಲೇ ಒಂದು ಪದಪಟ್ಟಿ ಉಣಿಸಬೇಕು. ಈ ಇಂಗ್ಲಿಷ್ ಪದ ಎಲ್ಲಿ ಬಂದರೂ ಈ ಕನ್ನಡ ಪದವನ್ನೇ ಹಾಕು, ನಿನ್ನ ಜಾಣತನ ಬೇಡ ಎಂದು. ಆ ಪಟ್ಟಿ ಮಾಡುವ ಮೇಜು ಮೇಡಂ ಅವರದು. ನಾನು ಅವರ ಕೈಕೆಳಗೆ ಸೇರಿದವಳು.

"ಬುದ್ಧಿ ಬೇಕಾದಷ್ಟಿದೆ ಕಣೇ ಇದಕ್ಕೆ," ಎಂದು ಅವರು ಕಂಪ್ಯೂಟರಿನ ತಲೆ ತಟ್ಟುತ್ತಿದ್ದರು. "ಹಿಡಿದ ಮಾತು ಹಿಡ್ಕೊಂಡಿರೋ ನಿಯತ್ತಿಲ್ಲ. ನಮ್ಮ ಚಿಕ್ಕಪ್ಪನ ಥರ."

ವಿನಯ ಅವರಿಗೆ ಒಗ್ಗಿದ ಗುಣವಾಗಿರಲಿಲ್ಲ. ಒಳ್ಳೆಯ ಪದವೊಂದು ಸಿಕ್ಕಿತೆಂದರೆ ಎದ್ದು ನಿಂತು, ಕಚೇರಿಯ ಎಲ್ಲ ಮೇಜುಗಳಿಗೂ ಹೋಗಿ, ಹೊಸ ಸೀರೆ ತೋರಿಸುವಂತೆ ಹೇಳಿ ಬರುತ್ತಿದ್ದರು. ನಗುವಾಗ ಮೊದಲು ಸದ್ದಿರುತ್ತಿರಲಿಲ್ಲ, ಭುಜಗಳು ಕುಣಿಯುತ್ತಿದ್ದವು. ಆಮೇಲೆ ಒಮ್ಮೆಗೇ ಸದ್ದು ಬಂದು ಕೆಳಗೆ ಬೇಕರಿಯವನು ತಲೆಯೆತ್ತಿ ಮೇಲೆ ನೋಡುತ್ತಿದ್ದ.

ಅವರಿಗೊಂದು ನಿಯಮವಿತ್ತು. ಯಾವ ಪದವನ್ನೂ ಕಚೇರಿಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ವಸ್ತುವನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೊರಡುತ್ತಿದ್ದರು. ಕುಕ್ಕರಿನ ಕೆಲಸ ಬಂದಾಗ ಅದರ ರಬ್ಬರು ಉಂಗುರ ಅವರ ಚೀಲದಲ್ಲಿತ್ತು. ಕೆಂಗೇರಿಯಲ್ಲಿ ಇಬ್ಬರೂ ಮೆಟ್ರೊ ಹತ್ತಿದೆವು. ಅವರು ಹೆಂಗಸರ ಬೋಗಿಯ ನಡುವೆ ನಿಂತು ಅದನ್ನು ಎತ್ತಿ ಹಿಡಿದರು.

"ಏನಮ್ಮಾ, ಇದಕ್ಕೆ ನಿಮ್ಮನೇಲಿ ಏನಂತೀರಿ?"

"ಗ್ಯಾಸ್ಕೆಟ್ ಅಂತೀವಿ ಆಂಟಿ," ಎಂದಳು ಕಿವಿಯಿಂದ ಇಯರ್‌ಫೋನ್ ತೆಗೆದ ಒಬ್ಬ ಹುಡುಗಿ.

"ಅದು ಅಂಗಡಿಯವನು ಹೇಳೋದು. ನಿಮ್ಮತ್ತೆ ಏನಂತಾರೆ?"

"ನಮ್ಮತ್ತೆ ಎಲ್ಲದಕ್ಕೂ 'ಅದು' ಅಂತಾರೆ."

ಬೋಗಿ ನಕ್ಕಿತು. ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಅದನ್ನು ಇಸಿದುಕೊಂಡು, ತಿರುಗಿಸಿ ನೋಡಿ, "ನಾವು ರಬ್ಬರ್ ಬಳೆ ಅಂತೀವಿ" ಎಂದರು. ಇನ್ನೊಬ್ಬರು ಬಳೆ ಅಲ್ಲ, ಸಿಂಬಿ ಎಂದರು. ಸಿಂಬಿ ತಲೆ ಮೇಲೆ ಇಡೋದಲ್ಲವೇನ್ರೀ ಎಂದು ಮತ್ತೊಬ್ಬರು. ವಾದ ಕಾವೇರಿತು. ಅತ್ತಿಗುಪ್ಪೆ ಬಂದಾಗ ಬಳೆಯ ಪಕ್ಷದ ಹೆಂಗಸು ಮಾತಿನ ಭರದಲ್ಲಿ ಉಂಗುರವನ್ನು ಕೈಯಲ್ಲೇ ಹಿಡಿದು ಇಳಿದುಬಿಟ್ಟರು. ಬಾಗಿಲು ಮುಚ್ಚಿತು. ಗಾಜಿನಾಚೆ ಅವರು ಅದನ್ನು ಆಡಿಸುತ್ತ ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿದರು. ನಾನು ಗಾಬರಿಯಾದೆ, ಅದು ಕಂಪನಿಯವರು ಕೊಟ್ಟ ನಮೂನೆ.

"ಹೋಗ್ಲಿ ಬಿಡೇ," ಎಂದರು ಅವರು. "ಪದ ನಮ್ಮ ಹತ್ರ ಉಳೀತಲ್ಲ." ಕೈಪಿಡಿಯಲ್ಲಿ ರಬ್ಬರ್ ಬಳೆಯೇ ಬಂತು.

ಇನ್ನು ದೃಷ್ಟಿಬೊಟ್ಟಿನ ವಿಷಯ. ಪದಪಟ್ಟಿ ಉಣಿಸಿದ ಮೇಲೆ ಯಂತ್ರ ಅದನ್ನು ನಿಜವಾಗಿ ನುಂಗಿದೆಯೋ, ಕೆನ್ನೆಯಲ್ಲಿ ಅದುಮಿಟ್ಟುಕೊಂಡಿದೆಯೋ ತಿಳಿಯುವುದು ಕಷ್ಟ. ಒಮ್ಮೊಮ್ಮೆ ಪಟ್ಟಿಯನ್ನು ಪಕ್ಕಕ್ಕಿಟ್ಟು ತನ್ನಿಷ್ಟದಂತೆ ಬರೆದುಬಿಡುತ್ತದೆ. ಓದುವವರಿಗೆ ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಅವರು ಪ್ರತಿ ಪಟ್ಟಿಯಲ್ಲೂ ಬೇಕೆಂದೇ ಒಂದು ಅಸಂಬದ್ಧ ಪದ ಸೇರಿಸುತ್ತಿದ್ದರು. ಅನುವಾದದಲ್ಲಿ ಅದು ಎದ್ದು ಕಂಡರೆ ಪಟ್ಟಿ ಒಳಗೆ ಹೋಗಿದೆ ಎಂದರ್ಥ. ಆಮೇಲೆ ಅದನ್ನು ಅಳಿಸಿ ಕೆಲಸ ಕಳಿಸುವುದು. ಮುದ್ದಾದ ಮಗುವಿನ ಕೆನ್ನೆಗೆ ಇಡುವ ಕಪ್ಪು ಚುಕ್ಕೆಯಂತೆ ಇದು ಪಟ್ಟಿಯ ದೃಷ್ಟಿಬೊಟ್ಟು. "ಬೊಟ್ಟಿಟ್ಟೆಯಾ? ಬೊಟ್ಟು ಒರೆಸಿದೆಯಾ?" ಇದು ನಮ್ಮ ಮೇಜಿನ ಸುಪ್ರಭಾತ.

ಆ ವಾರ ಅವರ ಮನಸ್ಸಿನಲ್ಲಿ ಯಾವುದು ಓಡಾಡುತ್ತಿತ್ತೋ ಅದೇ ಬೊಟ್ಟಾಗುತ್ತಿತ್ತು. ಮನೆಯ ವಿಷಯ ಅವರು ಹೇಳಿಕೊಂಡದ್ದು ಕಡಿಮೆ. ನಾನು ತಿಳಿದುಕೊಂಡದ್ದೆಲ್ಲ ಬೊಟ್ಟುಗಳಿಂದ. ನಾದಿನಿ ಬಂದು ಉಳಿದುಕೊಂಡಿದ್ದ ವಾರ 'ಕಂಪನಿ' ಎಂಬ ಪದಕ್ಕೆ 'ನಮ್ಮ ನಾದಿನಿ' ಎಂದು ಕೊಟ್ಟರು. ಯಂತ್ರ ಗಂಭೀರವಾಗಿ ಬರೆಯಿತು: "ನಮ್ಮ ನಾದಿನಿ ಯಾವುದೇ ನಷ್ಟಕ್ಕೆ ಹೊಣೆಯಾಗಿರುವುದಿಲ್ಲ. ಮುನ್ಸೂಚನೆ ಇಲ್ಲದೆ ನಿಯಮಗಳನ್ನು ಬದಲಾಯಿಸುವ ಹಕ್ಕನ್ನು ನಮ್ಮ ನಾದಿನಿ ಕಾಯ್ದಿರಿಸಿಕೊಂಡಿದ್ದಾರೆ." ಅವರು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಕ್ಕರು. "ಇಷ್ಟು ಸರಿಯಾಗಿ ನಾನೇ ಹೇಳಿರಲಿಲ್ಲ ಕಣೇ," ಎಂದರು.

ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದ ವಾರ, ಟಾರ್ಚಿನ ಕೈಪಿಡಿಯಲ್ಲಿ, 'ಬ್ಯಾಟರಿ' ಎಂಬುದು 'ಯಜಮಾನರು' ಆಯಿತು. "ಯಜಮಾನರನ್ನು ಬಿಸಿಲಿನಲ್ಲಿ ಇಡಬೇಡಿ. ಯಜಮಾನರು ಬಿಸಿಯಾದರೆ ಮುಟ್ಟಬೇಡಿ. ದೀರ್ಘಕಾಲ ಬಳಸದಿದ್ದರೆ ಯಜಮಾನರನ್ನು ಹೊರತೆಗೆದು ಒಣ ಜಾಗದಲ್ಲಿಡಿ." ಆ ಪುಟವನ್ನು ಮುದ್ರಿಸಿಕೊಂಡು ಮನೆಗೆ ಒಯ್ದರು. ಅಂದು ಅವರು ನಕ್ಕ ರೀತಿಯಲ್ಲಿ ಭಯ ಇಳಿದ ನಿರಾಳ ಇತ್ತೆಂದು ನನಗನ್ನಿಸಿತು. ಇದು ಊಹೆ.

ಆಮೇಲೆ ಲಿಫ್ಟಿನ ಕೆಲಸ ಬಂತು.

ನಮ್ಮ ಮಾಲೀಕರು ಒಂದು ಬೆಳಿಗ್ಗೆ ಅವರ ಮೇಜಿನ ಬಳಿ ನಿಂತು, ಕೂರದೆ, ಹೇಳಿದರು. "ಮೇಡಂ, ಹೊಸ ತಂತ್ರಾಂಶ ತಾನೇ ಪದ ಆರಿಸ್ಕೊಳ್ಳುತ್ತಂತೆ. ಪಟ್ಟಿ ಮಾಡೋಕೆ ಅಂತ ಇಬ್ಬರನ್ನ ಇಟ್ಕೊಂಡಿದೀಯಾ ಅಂತ ಎಲ್ಲ ಕೇಳ್ತಾರೆ. ಈ ಲಿಫ್ಟ್ ಕಂಪನಿ ನಿಮ್ಮ ಪಟ್ಟಿ ಒಪ್ಪಿದ್ರೆ ನಿಮ್ಮ ಮೇಜು ಇರುತ್ತೆ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ."

"ಒಪ್ತಾರೆ ಬಿಡಿ ಸಾರ್," ಎಂದರು ಅವರು. ಮಾಲೀಕರು ಹೋದ ಮೇಲೆ ನನ್ನ ಕಡೆ ತಿರುಗಿ, "ಮನೇಲಿ ಕೂತ್ರೆ ನನಗೆ ಜಗಳ ಆಡೋಕೆ ಸಿಗೋದು ನಮ್ಮನೆಯವರೊಬ್ಬರೇ. ಅವರಿಗೆ ಬಿಪಿ" ಎಂದರು. ನಕ್ಕರು, ಆದರೆ ಭುಜ ಕುಣಿಯಲಿಲ್ಲ.

ಕೆಲಸ ಹೀಗಿತ್ತು. ಲಿಫ್ಟು ಕನ್ನಡದಲ್ಲಿ ಮಾತಾಡಬೇಕು. ಬಾಗಿಲು ಮುಚ್ಚುತ್ತಿದೆ, ಭಾರ ಹೆಚ್ಚಾಗಿದೆ, ಹೀಗೆ. ನಮ್ಮ ಪಟ್ಟಿಯನ್ನು ಲಿಫ್ಟ್ ಕಂಪನಿಯವರು ತಮ್ಮ ಯಂತ್ರಕ್ಕೆ ಉಣಿಸುತ್ತಾರೆ, ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರ ದನಿಯಾಗಿಸುತ್ತದೆ. 'ಪ್ಯಾಸೆಂಜರ್' ಎಂಬ ಪದಕ್ಕೆ ಯಂತ್ರ ತಾನಾಗಿ ಕೊಟ್ಟದ್ದು 'ಪ್ರಯಾಣಿಕರು'. ಅವರಿಗೆ ಸರಿಬರಲಿಲ್ಲ. "ಮೂರನೇ ಮಹಡಿಗೆ ಹಾಲು ತಗೊಂಡು ಹೋಗೋದು ಪ್ರಯಾಣಾನಾ? ಬುತ್ತಿ ಕಟ್ಕೋಬೇಕಾ?" ಹೊಸಹಳ್ಳಿಯ ಒಂದು ಕಟ್ಟಡದಲ್ಲಿ ದಿನವೆಲ್ಲ ಲಿಫ್ಟಿನ ಮುಂದೆ ಕೂತು, ಹತ್ತಿ ಇಳಿಯುವವರನ್ನು ಮಾತಾಡಿಸಿ, 'ಒಳಗಿರುವವರು' ಎಂಬುದನ್ನು ಆರಿಸಿದರು. ಒಳಗಿದ್ದವರಿಗೆ ತಮಗೇ ಹೇಳುತ್ತಿದ್ದಾರೆಂದು ತಿಳಿಯಬೇಕು, ಅಷ್ಟೇ.

ಅದೇ ವಾರ ಅವರ ಕಿರಿಯ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ತುಮಕೂರಿನ ಕಡೆಯ ಬೀಗರಾಗುವವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಛತ್ರ ಯಾವುದು, ಊಟಕ್ಕೆ ಹೋಳಿಗೆಯೋ ಜಿಲೇಬಿಯೋ. ಹೀಗಾಗಿ ಲಿಫ್ಟಿನ ಪಟ್ಟಿಯ ಬೊಟ್ಟು: 'ಪ್ಯಾಸೆಂಜರ್' ಎಂದು ಬಂದಲ್ಲೆಲ್ಲ 'ಬೀಗರು'. ಪರೀಕ್ಷೆ ಮಾಡಿದೆವು, ನಕ್ಕೆವು. ಬೊಟ್ಟನ್ನು ಅವರು ಒರೆಸಿದರು. ಅದನ್ನು ನಾನು ನೋಡಿದ್ದೇನೆ. ಆದರೆ ಒರೆಸುವ ಮೊದಲೇ, ಒಂದು ಕಿವಿಯಲ್ಲಿ ಬೀಗರ ಫೋನಿದ್ದಾಗಲೇ, ಪಟ್ಟಿಯನ್ನು ಕಂಪನಿಗೆ ಕಳಿಸಿಯಾಗಿತ್ತು. ಅದು ನಮಗಿಬ್ಬರಿಗೂ ತಿಳಿದದ್ದು ಹೇರೋಹಳ್ಳಿಯಲ್ಲಿ.

ಅಲ್ಲಿ ಹೊಸದಾಗಿ ಎದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪರೀಕ್ಷೆ ಇಟ್ಟಿದ್ದರು. ರಸ್ತೆ ಅಗೆದಿದ್ದರಿಂದ ಆಟೊ ದೂರದಲ್ಲೇ ನಿಂತಿತು. ಸೀರೆ ಎತ್ತಿ ಹಿಡಿದು ಕೆಸರು ದಾಟಿಕೊಂಡು ಹೋದೆವು. ಲಿಫ್ಟ್ ಕಂಪನಿಯ ಮ್ಯಾನೇಜರು ಹೊರರಾಜ್ಯದವರು. ಕನ್ನಡದ ಒಂದಕ್ಷರವೂ ಬಾರದು. ಅವರ ಪಕ್ಕ ಲ್ಯಾಪ್‌ಟಾಪ್ ಹಿಡಿದ ತಂತ್ರಜ್ಞ, ಅವನಿಗೂ ಅಷ್ಟೇ. ನಮ್ಮ ಮಾಲೀಕರು ಇಸ್ತ್ರಿ ಮಾಡಿದ ಕೋಟಿನಲ್ಲಿದ್ದರು. ಆ ಜಮೀನಿನ ಹಿಂದಿನ ಒಡೆಯರಾದ, ಈಗ ಅಲ್ಲೇ ಮೇಲಿನ ಮಹಡಿಯಲ್ಲಿರುವ ಹಿರಿಯ ಗೌಡರು ಹೆಂಡತಿ, ಸೊಸೆ, ಅಕ್ಕಪಕ್ಕದವರನ್ನೆಲ್ಲ ಕರೆದುಕೊಂಡು ಬಂದಿದ್ದರು. ಲಿಫ್ಟಿಗೆ ಪೂಜೆಯಾಗಿತ್ತು, ನಿಂಬೆಹಣ್ಣು ಕೂಡ ಇಟ್ಟಿದ್ದರು.

ಬಾಗಿಲು ತೆರೆಯಿತು. ಇಂಪಾದ ಹೆಣ್ಣು ದನಿ ಹೇಳಿತು: "ಬೀಗರೇ, ಬಾಗಿಲಿನಿಂದ ದೂರ ನಿಲ್ಲಿ."

ನನ್ನ ಪಕ್ಕದಲ್ಲಿ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ನೆನಪಿದೆ, ತಣ್ಣಗಿತ್ತು.

ಗೌಡರು ಕಿವಿ ಮುಂದೆ ಮಾಡಿ, "ಯಾರಿಗಮ್ಮಾ ಹೇಳ್ತಿದೀಯಾ?" ಎಂದು ಲಿಫ್ಟನ್ನು ಕೇಳಿದರು. ಅದು ಮತ್ತೊಮ್ಮೆ ಅದನ್ನೇ ಹೇಳಿತು. "ಲೇ, ನಮ್ಮನ್ನೇ ಕಣ್ರೋ ಕರೀತಿರೋದು, ಬಾಗಿಲಲ್ಲಿ ನಿಲ್ಬೇಡಿ ಅಂತ. ನಡೀರಿ, ಮರ್ಯಾದೆಯಾಗಿ ಕರೆದಾಗ ಹೋಗ್ದೆ ಇದ್ರೆ ಚೆನ್ನಾಗಿರಲ್ಲ." ಗೌಡರು ಶಲ್ಯ ಸರಿಮಾಡಿಕೊಂಡು ಒಳಗೆ ಹೋದರು. ಹಿಂದೆಯೇ ಅವರ ಹೆಂಡತಿ, ಸೊಸೆ, ನೆರೆಯವರು, ನಗುತ್ತ ನುಗ್ಗಿದರು. ಬೀಗರೂಟಕ್ಕೆ ಕೂತ ಪಂಕ್ತಿಯಂತೆ ಲಿಫ್ಟು ಗಿಜಿಗುಟ್ಟಿತು. ಆಗ ದನಿ ಹೇಳಿತು: "ಭಾರ ಹೆಚ್ಚಾಗಿದೆ. ಬೀಗರಲ್ಲಿ ಒಬ್ಬರು ಇಳಿಯಿರಿ."

"ಇದೇನ್ರೀ ಇದು," ಎಂದರು ಗೌಡರ ಹೆಂಡತಿ. "ಕರೆದವಳೇ ಇಳಿ ಅಂತಾಳಲ್ಲ."

"ಬೀಗರನ್ನ ಇಳಿಸೋದುಂಟಾ? ನಮ್ಮ ವಂಶದಲ್ಲೇ ಇಲ್ಲ," ಎಂದರು ಗೌಡರು. "ನಾನು ಗಂಡಿನ ಕಡೆಯೋನು. ಹೆಣ್ಣಿನ ಕಡೆಯೋರು ಯಾರಾದ್ರೂ ಇಳೀಲಿ."

"ನಾವ್ಯಾಕೆ ಮಾವ ಇಳೀಬೇಕು, ಊಟ ಹಾಕ್ಸಿರೋದು ನಾವು," ಎಂದಳು ಸೊಸೆ.

ನೀವಿರಿ, ನೀವಿರಿ ಎಂದು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿಕೊಂಡರು. ಇಳಿಯಲು ಹೊರಟ ಒಬ್ಬಾಕೆಯನ್ನು ಇಬ್ಬರು ಸೇರಿ ಒಳಗೆಳೆದರು, ಮುನಿಸಿಕೊಂಡು ಹೋದಳು ಎನ್ನುವ ಮಾತು ಬರಬಾರದೆಂದು. ಲಿಫ್ಟು ಬೇಡಿಕೊಳ್ಳುತ್ತಲೇ ಇತ್ತು. ನಗು ಮೆಟ್ಟಿಲು ಹತ್ತಿ ಮೇಲಿನ ಮಹಡಿಯವರೆಗೂ ಹೋಯಿತು. ನನಗೂ ನಗು ಬರುತ್ತಿತ್ತು, ಆದರೆ ಕಣ್ಣು ಮ್ಯಾನೇಜರ ಮೇಲಿತ್ತು.

ಮ್ಯಾನೇಜರು ನಗಲಿಲ್ಲ. ಲಿಫ್ಟು ಇಳಿಯಿರಿ ಎನ್ನುತ್ತಿರುವಾಗ ಯಾರೂ ಯಾಕೆ ಇಳಿಯುತ್ತಿಲ್ಲ, ಅದು ಏನೆನ್ನುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಮಾಲೀಕರು ತಕ್ಷಣ, ಅದು ನಮ್ಮ ಕಡೆಯ ತುಂಬ ಗೌರವದ ಸಂಬೋಧನೆ, ಜನ ಖುಷಿಯಾಗಿದ್ದಾರೆ, ಬೇರೇನಿಲ್ಲ ಎಂದರು. ಮ್ಯಾನೇಜರ ಮುಖ ಸಡಿಲಾಯಿತು. ಜೇಬಿನಿಂದ ಫೋನು ತೆಗೆದರು. ಒಪ್ಪಿಗೆ ಕಳಿಸಲು ಒಂದು ಬೆರಳು ಸಾಕಿತ್ತು. ನಮ್ಮ ಮೇಜು ಉಳಿಯುವುದಿತ್ತು.

ನನ್ನ ಮಣಿಕಟ್ಟಿನಿಂದ ಅವರ ಕೈ ಬಿಟ್ಟಿತು.

"ಇಲ್ಲ ಸಾರ್," ಎಂದು ಅವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು. ಗೌರವದ ಮಾತು ಹೌದು, ಆದರೆ ಅಲ್ಲಿರಬೇಕಾದ ಮಾತಲ್ಲ. ಪರೀಕ್ಷೆಗೆಂದು ತಾನಿಟ್ಟದ್ದು. ತೆಗೆಯುವ ಮೊದಲೇ ಕಳಿಸಿಬಿಟ್ಟದ್ದೂ ತಾನೇ. ತಪ್ಪು ತನ್ನದು, ಈ ಹುಡುಗಿಯದಲ್ಲ. ಮಾಲೀಕರು ಕನ್ನಡದಲ್ಲಿ ಪಿಸುಗುಟ್ಟಿದರು: "ಮೇಡಂ, ಯಾಕೆ ನಿಮಗೆ ಈ ಉಸಾಬರಿ. ಆಗೋಗಿತ್ತಲ್ಲ."

"ಇವತ್ತು ನಗ್ತಾ ನಿಂತಿದಾರೆ ಸಾರ್," ಎಂದರು ಅವರು. "ಒಂದಿನ ಇಳೀಲೇಬೇಕಾಗಿ ಬರುತ್ತೆ. ಆವತ್ತೂ ನೀವಿರಿ ನೀವಿರಿ ಅಂತ ನಿಂತ್ರೆ?"

ಮ್ಯಾನೇಜರು ಸಿಟ್ಟಾಗಲಿಲ್ಲ. ಆಗಿದ್ದರೆ ಸುಲಭವಿತ್ತು. ಅವರು ಒಂದು ನ್ಯಾಯವಾದ ಪ್ರಶ್ನೆ ಕೇಳಿದರು. ಒಂದು ಪದ ತಮಾಷೆಯದಾದರೆ ಉಳಿದವೂ ತಮಾಷೆಯಲ್ಲವೆಂದು, ಈ ಭಾಷೆ ಬಾರದ ತಾನು ಹೇಗೆ ನಂಬುವುದು?

ಮೇಡಂ ಕನ್ನಡಕವನ್ನು ತಲೆಗೇರಿಸಿಕೊಂಡರು, ಮತ್ತೆ ಇಳಿಸಿದರು. "ನಂಬಬೇಡಿ. ನಾನು ಅದನ್ನ ಒರೆಸ್ತೀನಿ. ಇದೇ ಜನ ಇದೇ ಥರ ಹತ್ತಲಿ. ನೀವು ಕಿವಿ ಮುಚ್ಕೊಂಡು ಅವರ ಕಾಲು ನೋಡಿ." ಇದನ್ನು ಅವರು ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ಮೆಟ್ಟಿಲ ಮೇಲೆ ಕೂತು, ಕೆಸರಾದ ನೆರಿಗೆಯನ್ನು ಮಡಿಲಿಗೆ ಎಳೆದುಕೊಂಡು, ತಂತ್ರಜ್ಞನ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆರೆದರು. ಬೊಟ್ಟು ಒರೆಸಿ, ಆ ಜಾಗಕ್ಕೆ 'ಒಳಗಿರುವವರು' ಹಾಕಿದರು. ನನಗೆ ತೋರಿಸಿದರು, ನಾನು ಓದಿ ನೋಡಿದೆ. ತಂತ್ರಜ್ಞ ಎಲ್ಲವನ್ನೂ ಹೊಸದಾಗಿ ಯಂತ್ರಕ್ಕೆ ಕೊಟ್ಟು ಲಿಫ್ಟಿಗೆ ತುಂಬಿಸಿದ. ಅಷ್ಟರವರೆಗೆ ಗೌಡರ ಸೊಸೆ ಎಲ್ಲರಿಗೂ ಪೂಜೆಯ ಚರ್ಪು ಹಂಚಿದಳು. ಮ್ಯಾನೇಜರೂ ತಿಂದರು.

"ಬನ್ರಪ್ಪಾ, ಇನ್ನೊಂದು ಸಲ," ಎಂದು ಗೌಡರು ಎಲ್ಲರನ್ನೂ ಹತ್ತಿಸಿದರು. ಮೊದಲು ಬಂದಿದ್ದ ಒಬ್ಬ ನೆರೆಯವರು ಹೊರಟುಹೋಗಿದ್ದರು. ಭಾರ ಸಾಲದು. ಗೌಡರು ನಮ್ಮ ಮಾಲೀಕರ ಕೋಟಿನ ತೋಳು ಹಿಡಿದು, "ನೀವು ಬನ್ನಿ ಸಾರ್, ಒಳ್ಳೆ ತೂಕ ಇದೀರಿ" ಎಂದು ಒಳಗೆಳೆದರು. ಬಾಗಿಲ ಬಳಿಯೇ ಅವರಿಗೆ ಜಾಗ ಸಿಕ್ಕಿತು. ಮ್ಯಾನೇಜರು ನಿಜವಾಗಿಯೂ ಎರಡೂ ಕಿವಿ ಮುಚ್ಚಿಕೊಂಡು ನೆಲ ನೋಡುತ್ತ ನಿಂತರು.

ದನಿ ಹೇಳಿತು: "ಭಾರ ಹೆಚ್ಚಾಗಿದೆ. ಒಳಗಿರುವವರಲ್ಲಿ ಒಬ್ಬರು ಇಳಿಯಿರಿ."

ಹೊಳೆಯುವ ಕಪ್ಪು ಬೂಟು ಒಂದು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ನಮ್ಮ ಮಾಲೀಕರು ಇಳಿದು ನಿಂತಿದ್ದರು. ತಾವು ಇಳಿದದ್ದು ಅವರಿಗೆ ಆಮೇಲೆ ತಿಳಿಯಿತೆಂದು ಅವರ ಮುಖ ನೋಡಿದ ಯಾರಿಗಾದರೂ ಅನ್ನಿಸುತ್ತಿತ್ತು. ತಮ್ಮ ಕಾಲನ್ನು ತಾವೇ ನೋಡಿಕೊಂಡರು. ಬಾಗಿಲು ಮುಚ್ಚಿ, ಗೌಡರ ಸಂಸಾರವನ್ನು ಹೊತ್ತು ಲಿಫ್ಟು ಮೇಲೆ ಹೋಯಿತು.

ಮ್ಯಾನೇಜರು ಕಿವಿಯಿಂದ ಕೈ ತೆಗೆದರು. ಒಂದು ಮಾತೂ ಅರ್ಥವಾಗದೆ, ಕಾಲು ಮಾತ್ರ ನೋಡಿ, ಆ ಬೆಳಿಗ್ಗೆ ಮೊದಲ ಬಾರಿಗೆ ನಕ್ಕರು. ಫೋನು ತೆಗೆದು ಬೆರಳೊತ್ತಿ, ಪರದೆಯನ್ನು ಮೇಡಂ ಕಡೆ ತಿರುಗಿಸಿ ತೋರಿಸಿದರು.

ಅವರ ಭುಜಗಳು ಕುಣಿಯತೊಡಗಿದ್ದವು, ಸದ್ದು ಇನ್ನೂ ಬಂದಿರಲಿಲ್ಲ. ಅದನ್ನು ತಡೆದುಕೊಂಡೇ ಮಾಲೀಕರ ಕಡೆ ತಿರುಗಿದರು.

"ಸಾರ್, ನಾಳೆ ನಾನು ಬರಬೇಕಾ, ಬೇಡ್ವಾ?"

ಮಾಲೀಕರು ಕೋಟಿನ ತೋಳು ಕೊಡವಿಕೊಂಡರು. "ಬೇಗ ಬನ್ನಿ ಮೇಡಂ," ಎಂದರು.